ಡಾಂಬರು ಹಡಗು

ದೇವಗಡದ ದೀಪದಾಚೆ ನಿಂತು ಇವತ್ತಿಗೆ ಹತ್ತೊಂಬತ್ತು ದಿನ.
ಲಂಗರು ಬಿಟ್ಟಿದೆ, ಮೂತಿ ಮಾತ್ರ
ಇಳಿತಕ್ಕೊಮ್ಮೆ ಗೋವೆಯ ಕಡೆ, ಭರತಕ್ಕೊಮ್ಮೆ ನಮ್ಮ ಕಡೆ.
ಒಳಗೆ ಮೂರು ಸಾವಿರ ಟನ್ ಡಾಂಬರು;
ಆರಲು ಬಿಟ್ಟರೆ ಹೊಟ್ಟೆಯಲ್ಲೇ ಕಲ್ಲು.
ಅದಕ್ಕೇ ಹಗಲಿರುಳು ಎಣ್ಣೆ ಸುಡುತ್ತಾರೆ,
ಎಲ್ಲಿಗೂ ಹೋಗದೆ.

ಸರಕು ಹುಟ್ಟಿದ ಊರು ಒಂದು ದೊಡ್ಡ ದೇಶಕ್ಕೆ ಆಗಿಬರದು,
ಮೇಲಿನ ಬಾವುಟ ಇನ್ನೊಂದಕ್ಕೆ.
ವಿಮೆಯವರು ಫೋನೆತ್ತುವುದಿಲ್ಲ,
ಬ್ಯಾಂಕಿನ ಪತ್ರದಲ್ಲಿ ‘ಸದ್ಯಕ್ಕೆ’ ಎಂಬ ಮಾತು ನಾಲ್ಕು ಸಲ.
ಸಂಜೆ ಸಣ್ಣ ದೋಣಿಯೊಂದು ಅವರಿಗೆ ನೀರು, ಈರುಳ್ಳಿ ಒಯ್ಯುತ್ತದೆ;
ಈರುಳ್ಳಿ ಯಾರ ಪಕ್ಷ ಎಂದು ಇನ್ನೂ ಯಾರೂ ಕೇಳಿಲ್ಲ.
ನಾನು ಬೈತಖೋಲದ ವೇಬ್ರಿಜ್ಜಿನ ಗುಮಾಸ್ತ:
ಖಾಲಿ ಲಾರಿ, ತುಂಬಿದ ಲಾರಿ, ನಡುವಿನ ವ್ಯತ್ಯಾಸ,
ಒಂದು ಚೀಟಿ.

ಈ ಕಟ್ಟೆ ಕಟ್ಟಿದ್ದು ಅದಿರಿನ ಕಾಲಕ್ಕೆ.
ಆಗ ಸಮುದ್ರದಾಚೆ ಯಾರಿಗೋ ಉಕ್ಕಿನ ಹಸಿವು.
ಒಣಹಾಕಿದ ಬಂಗಡೆ ಕೆಂಪು, ಶಾಲೆಯ ಅಂಗಿ ಕೆಂಪು,
ಸಿಂಬಳವೂ ಕೆಂಪು.
ಹಸಿವು ತೀರಿತು. ಬಣ್ಣ ಒಂದೇ ಮಳೆಗೆ ತೊಳೆದುಹೋಯಿತು,
ಲಾರಿಯ ಸಾಲ ಹೋಗಲಿಲ್ಲ.

ಇಮಾಮಸಾಬ ನದಾಫ ಟ್ಯಾಂಕರಿನ ನೆರಳಲ್ಲಿ ಕೂತು
ಕಂತಿನ ಮೆಸೇಜು ಓದುತ್ತಾನೆ, ಅಕ್ಷರ ಕೂಡಿಸಿ ಕೂಡಿಸಿ.
ಹಣಕೋಣದಲ್ಲಿ ಜಲ್ಲಿ ಹಾಸಿದ ರಸ್ತೆ ಹಾಗೇ ಬಿದ್ದಿದೆ;
ನಿನ್ನೆ ಬೈಕು ಜಾರಿ ಅಂಚೆಯಣ್ಣನ ಮೊಣಕಾಲು ಹೋಯಿತು.
ಯಾವ ಯುದ್ಧದ ಗಾಯ ಎಂದು ಬರೆಯಲು
ಆಸ್ಪತ್ರೆಯ ಕಾಗದದಲ್ಲಿ ಜಾಗವಿಲ್ಲ.

ರೋಹಿಣಿ ತಾಂಡೇಲಳ ಗೂಡಂಗಡಿಯಲ್ಲಿ
ಉದ್ರಿ ಪುಸ್ತಕ ಮಾತ್ರ ದಪ್ಪವಾಗುತ್ತಿದೆ.
ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತಲ್ಲ, ಅಂದೆ.
ಅವಳು ಗ್ಲಾಸು ಕುಕ್ಕಿದಳು:
“ಅವರ ಕೂಸಾದರೂ ಆಗಿದ್ದರೆ
ಜಗಳ ನಿಂತಮೇಲೆ ಎತ್ತಿಕೊಳ್ಳುತ್ತಿದ್ದರು.”

ಮಧ್ಯಾಹ್ನ, ಕೆಲಸವಿಲ್ಲದ್ದಕ್ಕೆ, ತಮಾಷೆಗೆ,
ಎರಡು ತುಂಬದ ಅವಳ ಮಗುವನ್ನು
ವೇಬ್ರಿಜ್ಜಿನ ನಟ್ಟನಡುವೆ ನಿಲ್ಲಿಸಿದೆ.
ಇಪ್ಪತ್ತು ಕಿಲೋದ ಕೆಳಗೆ ಈ ಯಂತ್ರ ಏನನ್ನೂ ನಂಬುವುದಿಲ್ಲ.
ಸೊನ್ನೆ.
ಅದು ಎರಡೂ ಕೈ ಮೇಲೆತ್ತಿ ನಿಂತಿತು.
ಸೊನ್ನೆ. ಇಮಾಮಸಾಬ ನಕ್ಕ. ರೋಹಿಣಿ ನಗಲಿಲ್ಲ,
ಬಂದು ಎತ್ತಿಕೊಂಡು ಹೋದಳು.

ರಾತ್ರಿ ಗಾಳಿ ಪಡುವಣದಿಂದ ತಿರುಗಿದಾಗ
ಬಿಸಿ ಡಾಂಬರಿನ ವಾಸನೆ ಬಂತು, ಥೇಟು ಹೊಸ ರಸ್ತೆಯದು.
ಇಮಾಮಸಾಬ ಕ್ಯಾಬಿನ್ನಿನಲ್ಲಿ ಎದ್ದು ಕೂತ.
ನಾನೂ ಚೀಟಿ ಪುಸ್ತಕ ತೆರೆದು
ನಾಳೆಯ ತಾರೀಖು ಹಾಕಿಟ್ಟೆ,
ಪೆನ್ಸಿಲ್ಲಿನಲ್ಲಿ.