ನಾಲ್ಕನೇ ಕಾಲಂ

ಕಬ್ಬು ಅರೆಯುವ ಹಂಗಾಮು ಮುಗಿದ ಮಾರನೆಯ ವಾರ
ಮದ್ದೂರು ಕಡೆಯ ಸಕ್ಕರೆ ಕಾರ್ಖಾನೆಗೆ
ನನ್ನನ್ನು ಕಳಿಸಿದರು, ಬಿಡುವು ಕಲಿಸಲು.
ಆದೇಶದಲ್ಲಿ ಹಾಗೇ ಇತ್ತು:
ಕಾರ್ಮಿಕರಿಗೆ ಬಿಡುವಿನ ವೇಳೆಯ ಸದ್ವಿನಿಯೋಗ,
ಆರು ವಾರ, ವಾರಕ್ಕೆ ಮೂರು ಸಂಜೆ.

ಜೊತೆಗೆ ಕೊಟ್ಟಿದ್ದು ಒಂದು ಕೇರಂ ಬೋರ್ಡು,
ಒಂದು ಟ್ರಂಕು ಪುಸ್ತಕ, ಉಸಿರು ಕಟ್ಟಿದ ಹಾರ್ಮೋನಿಯಂ,
ಮತ್ತೆ ನಾಲ್ಕು ಕಾಲಮ್ಮಿನ ರಿಜಿಸ್ಟರು:
ಹೆಸರು. ದಿನಾಂಕ. ಚಟುವಟಿಕೆ. ಪ್ರಯೋಜನ.

ಖಾಲಿ ಗೋಣಿಚೀಲದ ಗೋದಾಮೇ ತರಗತಿ.
ಕಾಕಂಬಿಯ ಹುಳಿವಾಸನೆ ಗೋಡೆಗೆ ಅಂಟಿಕೊಂಡಿತ್ತು.
ಹನ್ನೊಂದು ಜನ ಬಂದರು, ಕತ್ತಿನ ಗುಂಡಿಯನ್ನೂ ಹಾಕಿಕೊಂಡು.
ಹಾಜರಿಗೆ ಸಂಬಳ ಉಂಟೆಂದು ಯಾರೋ ಹೇಳಿದ್ದರಂತೆ.
ಇಲ್ಲ ಎಂದೆ.
ನಾಲ್ವರು ಎದ್ದು ಹೋದರು.

ಉಳಿದವರಿಗೆ ಶುರುಮಾಡಿದೆ: ಕಾಲ ಹಣವಿದ್ದಂತೆ,
ಪೋಲು ಮಾಡಬಾರದು, ಕೂಡಿಡಬೇಕು...
"ಹಣ ಎಂಗಿರ್ತದೆ ಅಂತ ಒಸಿ ತೋರ್ಸಿ ಸಾ ಮೊದ್ಲು,"
ಎಂದ ಫಿಟ್ಟರ್ ಅನ್ವರ್ ಪಾಷ.
ಎಲ್ಲರೂ ನಕ್ಕರು. ನಾನೂ ನಕ್ಕೆ,
ನಗುವನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ತಿಳಿಯದೆ.

ಬಾಯ್ಲರಿನ ಜವರಯ್ಯ ನಗಲಿಲ್ಲ.
ಇಪ್ಪತ್ತಾರು ಹಂಗಾಮು ಒತ್ತಡದ ಮುಳ್ಳನ್ನೇ ನೋಡಿದ ಕಣ್ಣು.
ಈಗ ಮನೆಯಲ್ಲಿ ಒಲೆ ಮುಂದೆ ಕುಂತು ಹಾಲು ಕಾಯುತ್ತಾನೆ.
"ಒಂದ್ ದಿನವೂ ಉಕ್ಕೋಕ್ ಬುಟ್ಟಿಲ್ಲ ಸಾ.
ಸದ್ದಿಲ್ದೆ ನಿದ್ದೆ ಮಾತ್ರ ಹತ್ತಾಕಿಲ್ಲ,
ಮಧ್ಯಾನ್ನ ರಾಗಿಮಿಲ್ಲಿನ ಗೋಡೆಗೆ ಒರಿಕ್ಕಂಡು ಮನೀಕತೀನಿ."
ಹವ್ಯಾಸವೇನಾದರೂ ಇದೆಯೇ ಎಂದು ನಾನು ಕೇಳಿದ್ದಕ್ಕೆ
ಬಂದ ಉತ್ತರ ಇದು.

ಎರಡನೇ ವಾರ ಅನ್ವರ್ ಹಾರ್ಮೋನಿಯಂ ಬಿಚ್ಚಿದ.
ಒಳಗೆ ಇಲಿಮರಿ, ಐದು, ಹೆಸರುಕಾಳಿನ ಬಣ್ಣವೂ ಬಂದಿಲ್ಲದವು,
ಕಣ್ಣು ಇನ್ನೂ ಮುಚ್ಚಿದ್ದವು.
ಮರೆಯಾಗಿ ಬಟ್ಟೆ ಹೊದಿಸಿ ಮತ್ತೆ ಮುಚ್ಚಿಟ್ಟ.
"ಇವು ದೊಡ್ಡವಾಗ್ಲಿ ಸಾ. ಆಮೇಲೆ ಸಂಗೀತ."

ಅದೇ ವಾರ ಹೊಂಬಾಳಮ್ಮ ಬಂದರು,
ಸಕ್ಕರೆ ಚೀಲದ ಬಾಯಿ ಹೊಲಿಯುವವರು.
"ನಂಗೂ ಬಿಡುವು ಅಂತ ಬರ್ಕಳಿ.
ಮನೇಲಂತೂ ಯಾರೂ ಬರ್ಕಂಡಿಲ್ಲ."
ಸೊಸೆ ಬಾಣಂತಿ, ಎರಡು ಹಸು, ಗಂಡನಿಗೆ ಪಥ್ಯದಡುಗೆ.
"ಸರ್ಕಾರದ ಆರ್ಡ್ರು ಅಂದಿವ್ನಿ. ಸುಮ್ಕಾದ್ರು."
ಪುಸ್ತಕ ಕೊಟ್ಟೆ, ತಲೆಗೆ ಎತ್ತರವಾಯಿತು ಎಂದು ಬೇರೆ ಕೇಳಿದರು.
ತೆಳ್ಳನೆಯದೊಂದು ಹುಡುಕಿ ಕೊಟ್ಟೆ.
ಚೀಲಗಳಿಗೆ ಒರಗಿ, ಕಾಲು ನೀಡಿ,
ಮಾಡಿನ ತೂತಿಂದ ಬಿದ್ದ ಬಿಸಿಲಿನ ಬಿಲ್ಲೆ
ಮೊಣಕಾಲಿಂದ ಹಿಮ್ಮಡಿಗೆ ಇಳಿಯುವ ತನಕ
ಹಾಗೇ ಇದ್ದರು.
ಮೂರನೇ ಕಾಲಮ್ಮಿಗೆ ಬರೆದೆ: ಕಾಲು ನೀಡಿದರು.

ಕೇರಂ ಸ್ಟ್ರೈಕರು ಕಳೆದುಹೋಯಿತು. ಯಾರಿಗೂ ಬೇಜಾರಾಗಲಿಲ್ಲ.
ಜವರಯ್ಯ ಇದ್ದಿಲಿನಲ್ಲಿ ನೆಲಕ್ಕೆ ಹುಲಿ-ಕುರಿ ಮನೆ ಗೀಚಿದ,
ಜೇಬಿಂದ ಹುಣಸೆಬೀಜ ತೆಗೆದ, ನನಗೆ ಹುಲಿ ಕೊಟ್ಟ.
ಮುಳ್ಳು ನೋಡುವಂತೆಯೇ ನನ್ನನ್ನು ನೋಡಿದ.
ಏಳು ಗಂಟೆಗೆ ನನ್ನ ಹುಲಿಗಳು ಕದಲದೆ ಕೂತಿದ್ದವು,
ಮೈಸೂರಿನ ಪ್ಯಾಸೆಂಜರು ಹೊರಟುಹೋಗಿತ್ತು.

ಮದ್ದೂರು ಸ್ಟೇಷನ್ನಿನ ಕಲ್ಲುಬೆಂಚು.
ಮುಂದಿನ ಗಾಡಿಗೆ ಒಂದು ಗಂಟೆ ನಲವತ್ತು ನಿಮಿಷ.
ಹೊಂಬಾಳಮ್ಮನ ಹಾಗೆ ಕಾಲು ನೀಡಿ ನೋಡಿದೆ.
ಎರಡು ನಿಮಿಷಕ್ಕೆ ಯಾರೋ ಕರೆದಂತಾಯಿತು, ಮಡಚಿಕೊಂಡೆ.
ಬ್ಯಾಗಿಂದ ರಿಜಿಸ್ಟರು ತೆಗೆದೆ,
ಗೆರೆ ಸರಿಯಾಗಿದೆಯೇ ಎಂದು ನೋಡಿದೆ, ಸರಿಯಾಗಿತ್ತು.
ನಲವತ್ತೊಂಬತ್ತು ವರ್ಷದ ಗಂಡಸು,
ಎಂಟು ಊರಲ್ಲಿ ಇದನ್ನೇ ಕಲಿಸಿ ಬಂದವನು.

ಆರನೇ ವಾರ ವರದಿ ಕಳಿಸಬೇಕಿತ್ತು.
ನಾಲ್ಕನೇ ಕಾಲಂ ಉದ್ದಕ್ಕೂ ಬಿಳಿ.
ಕೊನೆಗೆ ಒಂದೇ ಸಾಲು ಬರೆದೆ:
ಇಲಿಮರಿಗಳು ಕಣ್ಣು ಬಿಟ್ಟಿವೆ, ಐದೂ.

ಏಳು ದಿನದೊಳಗೆ ಸ್ಪಷ್ಟೀಕರಣ ಕೋರಿ ಪತ್ರ ಬಂದಿದೆ.
ಒಳ್ಳೆಯ ಕಾಗದ, ದಪ್ಪನೆಯದು.
ಹಿಂಬದಿಗೆ ಮನೆ ಗೀಚಿಕೊಂಡು ಕೂತಿದ್ದೇನೆ.
ಒಂದು ಕುರಿ ಕಮ್ಮಿ ಬಿದ್ದಿದೆ.
ಅಡುಗೆಮನೆಯ ಡಬ್ಬಿಗಳಲ್ಲಿ
ಹುಣಸೆಬೀಜ ಹುಡುಕಬೇಕು.