ಅದೇ ಹತ್ತಿ

ರುವಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ
ನನ್ನ ಅಂಗಡಿ, ಒಂದು ಹಾಸಿಗೆಯಷ್ಟು ಅಗಲ.
ಎ.ಸಿ. ಇದೆ; ತಂಪು ಮಾತ್ರ ಪಕ್ಕದ ಜ್ಯೂಸಿನವನಿಗೆ.
ಮಧ್ಯಾಹ್ನದ ನಮಾಜಿಗೆ ಅರ್ಧ ಶಟರ್ ಎಳೆಯುವ ಹೊತ್ತಿಗೆ
ಬಗ್ಗಿ ಒಳಬಂದರು ಮೌಲಾಸಾಬ್ ನದಾಫ್.
ದುಕ್ಮ್ ಬಂದರಿನಲ್ಲಿ ಕ್ರೇನು. ಊರು ಗಜೇಂದ್ರಗಡದ ಕಡೆ.
ರಾತ್ರಿಯ ಬಸ್ಸಿನ ಮರಳು ಇನ್ನೂ ಹುಬ್ಬಿನಲ್ಲಿ.

"ಇದು ಉಸರಾಡವಲ್ದು, ನೋಡ್ರಿ."

ನಿಜ. ಒಂದು ಅಕ್ಷರ ಒತ್ತಿದರೆ
ಚಹಾ ಕುಡಿದಿಟ್ಟ ಮೇಲೆ ಮೂಡುತ್ತಿತ್ತು.
ಒಳಗೆ ಕಾಲಿಡಲು ಜಾಗವಿಲ್ಲ:
ಹನ್ನೊಂದು ಸಾವಿರ ಶುಭೋದಯದ ಗುಲಾಬಿ,
ಹಣ ಕಳಿಸಿದ ಪ್ರತಿ ಚೀಟಿಯ ಪಟ,
ಹಲ್ಲುನೋವಿನ ಮಾತ್ರೆಯ ಹಾಳೆ,
ಜೇಬಿನೊಳಗೆ ತಾನೇ ತೆಗೆದುಕೊಂಡ
ನಾನೂರು ಕತ್ತಲೆ.

"ಎಲ್ಲ ಅಳಿಸಬೇಕು" ಎಂದೆ,
"ಫ್ಯಾಕ್ಟರಿಯಿಂದ ಹೊರಟ ದಿನದ ಹಾಗೆ."
ಅವರ ಅಂಗೈ ಬಂದು ಫೋನಿನ ಮೇಲೆ ಕೂತಿತು.
"ಮೊದಲು ಎತ್ತಿಡುತ್ತೇನೆ. ಆಮೇಲೆ ಅದನ್ನೇ ತುಂಬುತ್ತೇನೆ."
"ಹಂಗಂದ್ರ ಗಾದಿ ಹಿಂಜಿದಂಗ.
ಹೊಲಿಗಿ ಬಿಚ್ಚಿ, ಹತ್ತಿ ಹಿಂಜಿ, ಅದ ಹತ್ತಿ ತುಂಬೂದು.
ನಮ್ಮಪ್ಪನ ಬಿಲ್ಲಿನ ನರ ಮೀಟಿದಾವ ನಾನು. ಮಾಡ್ರಿ."

ಕೇಬಲ್ ಸಿಕ್ಕಿಸಿದೆ. ಎರಡು ತಾಸು ಎಂದಿತು ಕಂಪ್ಯೂಟರು,
ಆಮೇಲೆ ಒಂಬತ್ತು ನಿಮಿಷ, ಆಮೇಲೆ ಐದು ತಾಸು,
ಬುಕ್ರಾ ಬುಕ್ರಾ ಎನ್ನುವ ಕಫೀಲನ ಹಾಗೆ.

ಪಾಸ್‌ವರ್ಡ್? ಅವರಿಗೆ ಗೊತ್ತಿಲ್ಲ;
ಊರಿನ ಅಂಗಡಿಯ ಹುಡುಗ ಯಾವಾಗಲೋ ಹಾಕಿಕೊಟ್ಟದ್ದು.
ನನ್ನ ಫೋನಿನಿಂದ ಮನೆಗೆ ಹಚ್ಚಿದರು.
ಅಲ್ಲಿ ಮಾಬೂಬಿ ಹಿಟ್ಟಿನ ಡಬ್ಬಿಯ ಮುಚ್ಚಳ ತಿರುವಿ,
ಒಳಗೆ ಗೀಚಿದ್ದನ್ನು ಊದಿ ಊದಿ ಓದಿದಳು:
"ದೊಡ್ಡ ಎಮ್ಮು... ಸಣ್ಣ ಎ... ಆಮ್ಯಾಲ ಒಂದು ಚುಕ್ಕಿ.
ಚುಕ್ಕಿ ಅಲ್ಲ ತಡೀರಿ, ಹುಳಾ."

ಒತ್ತಿದೆ. ಪರದೆ ಕಪ್ಪಾಯಿತು, ಒಮ್ಮೆ ನಡುಗಿತು.
ಎದ್ದು, ಯಾರೆಂದೇ ತಿಳಿಯದೆ, ಸ್ವಾಗತ ಎಂದಿತು.
ಅವರು ಸ್ಟೂಲಿನ ಅಂಚಿಗೆ ಸರಿದು ಕೂತರು,
ಹೊಸ ಬೀಗರ ಮನೆಗೆ ಬಂದವರಂತೆ.

ತುಂಬಿದೆ. ನಂಬರುಗಳು ಬಂದವು. ಗುಲಾಬಿ ಬಂದವು,
ಒಂದೂ ಬಾಡದೆ. ಕತ್ತಲೆಯೂ ಲೆಕ್ಕ ಸರಿಯಾಗಿ ಬಂತು.
ತಾರೀಕು ಮಾತ್ರ ಎಲ್ಲಕ್ಕೂ ಇವತ್ತಿನದೇ ಬಿತ್ತು:
ಮಗಳು ಹುಟ್ಟಿದ್ದು, ಹೊಸ್ತಿಲು ದಾಟಿದ್ದು,
ಹಲ್ಲು ಬಿದ್ದ ಬಾಯಲ್ಲಿ ನಕ್ಕಿದ್ದು,
ಸೈಕಲ್ಲಿನಿಂದ ಬಿದ್ದು ಮೊಣಕಾಲು ತೋರಿಸಿದ್ದು,
ಎಲ್ಲ ಈ ಒಂದು ಬುಧವಾರ.
ನಾನು ತಪ್ಪೊಪ್ಪಿಕೊಂಡೆ. ಅವರು ನಕ್ಕರು:
"ಮೊದಲ ಗೊತ್ತಿದ್ರ ಒಂದ ದಿನದ ರಜಾ ಸಾಕಾಗ್ತಿತ್ತಲ್ರಿ."

ಮನೆಗೆ ಸಂದೇಶ ಬರೆಯಲು ಕೂತರು.
ಮೊದಲೆಲ್ಲ 'ಹಾ' ಎನ್ನುವಷ್ಟರಲ್ಲಿ
'ಹಾಕೀನಿ ನೋಡು' ಎಂದು ಫೋನೇ ಮುಗಿಸುತ್ತಿತ್ತಂತೆ,
'ನಾ' ಎಂದರೆ 'ನಾಳಿ ಮಾತಾಡ್ತೀನಿ'.
ಈಗ 'ಹಾ' ಎಂದರೆ ಹಾಲು, ಹಾಡು, ಹಾರ್ದಿಕ.
"ಇದನ್ನ ತುಂಬಲಿಲ್ಲೇನು?"
ಕಂಪ್ಯೂಟರಿನಲ್ಲಿ ಹುಡುಕಿದೆ. ಇದಕ್ಕೆ ಫೋಲ್ಡರು ಇರಲಿಲ್ಲ.

"ಕುಣಿ" ಎಂದರು.
"ಏನು?"
"ಗಾದ್ಯಾಗ ಮಲಗಿದವರ ಕುಣಿ. ಹಿಂಜಿದ ಮ್ಯಾಲ ಇರೂದಿಲ್ಲ.
ನಮ್ಮಪ್ಪ ಗಿರಾಕಿಗೆ ಮೊದಲ ಹೇಳಿಬಿಡತಿದ್ದ:
ಹತ್ತಿ ತೂಗಿ ಕೊಡ್ತೀನಿ,
ಕುಣಿ ನೀವ ಬೀಳಿಸ್ಕೋಬೇಕು."

ಮೂರು ರಿಯಾಲ್ ಕೊಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತರು.
ಎಂಬತ್ತು ಟನ್ನನ್ನು ಗಾಳಿಯಲ್ಲಿ ಅಲುಗದೆ ನಿಲ್ಲಿಸುವ ಹೆಬ್ಬೆರಳು
ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿತ್ತು.
'ಹಾ' ಎಂದು ಬರೆದು, ನಿಂತು, ಅಳಿಸಿದರು.
ಆಮೇಲೆ ಬರೆದದ್ದು ನನಗೆ ಕಾಣಲಿಲ್ಲ,
ಉದ್ದವಿತ್ತು.
ದುಕ್ಮ್, ದುಕ್ಮ್ ಎಂದು ಬಸ್ಸಿನವನು ಎರಡು ಸಲ ಕೂಗಿದ.