ನಾಲ್ಕು ವ್ಯಾಟಿನ ಬಂಡೆ

ವೈರು ಎಳೆಯುವುದಷ್ಟೇ ನನ್ನ ಕೆಲಸ.
ಜೋಗಿಮಟ್ಟಿ ರಸ್ತೆಯ ತಗಡಿನ ಶೆಡ್ಡಿಗೆ
ಓಬಳಮ್ಮ ಕರೆದಾಗ ಕೇಳಿದೆ, ಎಷ್ಟು ಪಾಯಿಂಟು?
"ಒಂದೇ. ಬಂಡೆಯೊಳಗೆ."

ಬೆಳಗಿನ ಜಾವ, ಕಲ್ಲಿನ್ನೂ ತಣ್ಣಗಿರುವಾಗ
ಗುಡ್ಡದ ಬುಡಕ್ಕೆ ಹೋಗುತ್ತಾಳಂತೆ,
ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಹಾಳೆ,
ಒಂದು ತಂಬಿಗೆ ಮೈದಾ ಗಂಜಿ.
ಕೂಸಿಗೆ ಎಣ್ಣೆ ತೀಡುವ ಹಾಗೆ
ಪದರ ಪದರ ಒತ್ತುತ್ತಾಳಂತೆ.
ಬಿಸಿಲೇರಿದರೆ ಬಂಡೆಯೇ ಒಣಗಿಸಿ ಕೊಡುತ್ತದೆ.
ಸುಲಿದು ತರುವುದೇ ಕಷ್ಟ. ಇಲ್ಲಿಯ ಗಾಳಿ ಗೊತ್ತಲ್ಲ.
"ಮೂರು ಬಂಡೆ ಹಾರಿಹೋದವು" ಅಂದಳು,
ಆಡು ಕಳಕೊಂಡವರ ದನಿಯಲ್ಲಿ.

ಹೋಲ್ಡರು ಕೂರಿಸಿದೆ.
ಸ್ವಿಚ್ಚು ಒತ್ತುವ ಮೊದಲೇ ಅವಳಪ್ಪ ಬಂದ,
ಪಾಲಯ್ಯ, ನಲವತ್ತು ವರ್ಷ ಸೈಜುಗಲ್ಲು ಒಡೆದವನು.
ಸಂಜೆ. ದೂಳು ಹತ್ತಿ ಬೂದಿಯಾಗಿದ್ದ ಕಾಗದ.
"ದಾರಿಗಡ್ಡ ಐತಲ್ಲ ಇದು, ಸರಿಸ್ಲಾ?"
ತೋಳು ಮಡಚಿದ, ಅಂಗೈಗೆ ಉಗುಳಿಕೊಂಡ,
ಸೊಂಟ ಬಿಗಿದು ಎತ್ತಿದ.

ಕೈ ಎರಡೂ ತಲೆಯ ಮೇಲೆ ಹೋದವು.
ಎರಡು ಹೆಜ್ಜೆ ಹಿಂದಕ್ಕೆ ತಪ್ಪಿದ.
ಯಾರೂ ನಗಲಿಲ್ಲ.
ಏನು ಮಾಡಲೂ ತೋಚದೆ ಸ್ವಿಚ್ಚು ಒತ್ತಿದೆ.

ಬಿರುಕು, ಕಲ್ಲುಹೂವಿನ ಕಲೆ,
ಯಾರೋ ಕೊರೆದು ಬಿಟ್ಟ ಅರ್ಧ ಹೆಸರು,
ಎಲ್ಲ ಅವನ ಕೈಯಲ್ಲಿ ಬೆಳಗಿದವು.
ಇಳಿಸಲು ತಿಳಿಯದೆ ಹಾಗೇ ನಿಂತಿದ್ದ,
ವೈರು ಮೊಣಕೈಗೆ ಜೋತು.
"ಇದಕ್ಕೆ ಉಳಿ ಎಲ್ಲಿ ಇಡೋದು" ಅಂದ,
ನಮಗಲ್ಲ.

ಕೂಲಿಯಲ್ಲಿ ಐವತ್ತು ಬಿಟ್ಟೆ. ಯಾಕೋ.